ಎಲೆ ಹಾಕದ ಫ್ಲಾಸ್ಕು

ಎಲೆ ಹಾಕದ ಫ್ಲಾಸ್ಕಿನ ನೀರೂ ಕಂದುಬಣ್ಣಕ್ಕೆ ತಿರುಗಿತ್ತು.

ಮದಿಯಳಗನ್ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಕಿಟಕಿಯ ಕಟ್ಟೆಯ ಮೇಲೆ, ಬೆಳಗಿನ ಬಿಸಿಲಿಗೆ ಮುಖಮಾಡಿ ಎರಡು ಫ್ಲಾಸ್ಕು. ಒಂದರಲ್ಲಿ ಬೆಳ್ಳಿಯ ಲವಣ ಕರಗಿಸಿದ ನೀರು, ಅದಕ್ಕೆ ಬೆರೆಸಿದ ಎಲೆಯ ಕಷಾಯ. ಇನ್ನೊಂದರಲ್ಲಿ ಬೆಳ್ಳಿಯ ನೀರಷ್ಟೇ. ಮೊದಲನೆಯದು ಕಂದಾಗಬೇಕು. ಕಂದಾದರೆ, ಎಲೆಯ ಸತ್ವ ನೀರಿನೊಳಗಿನ ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಮಾಡಿದೆ ಎಂದರ್ಥ. ಎರಡನೆಯದು ತಿಳಿಯಾಗಿಯೇ ಉಳಿಯಬೇಕು. ಉಳಿದರೆ, ಎಲೆಯಿಲ್ಲದೆ ಏನೂ ಆಗದು ಎಂದರ್ಥ. ಆರು ವರ್ಷದ, ಇನ್ನೂರ ಹನ್ನೆರಡು ಪುಟದ ಪ್ರಬಂಧ ನಿಂತಿದ್ದು ಈ ಎರಡು ಅರ್ಥಗಳ ಮೇಲೆ.

ಈಗ ಎರಡೂ ಕ್ಯಾಂಟೀನಿನ ಚಹಾದ ಬಣ್ಣದಲ್ಲಿದ್ದವು.

ಗಂಟೆ ಎಂಟೂವರೆ. ಹನ್ನೊಂದಕ್ಕೆ ಅವನ ಡಾಕ್ಟರೇಟಿನ ಸಾರ್ವಜನಿಕ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕ ಪ್ರೊಫೆಸರ್ ಪೋತರಾಜು ತಮ್ಮ ವರದಿಯ ಕೊನೆಗೆ, ಬೇರೇನೂ ಬರೆಯಲು ತೋಚದೆ ಇರಬೇಕು, ‘ಎಲೆ ಹಾಕದೆ ಮಾಡಿ ನೋಡಿದ್ದೀರಾ? ತೋರಿಸಿ’ ಎಂದು ಒಂದು ಸಾಲು ಗೀಚಿದ್ದರು. ಆರು ವರ್ಷದಲ್ಲಿ ಅವನು ನೋಡಿರಲಿಲ್ಲ. ಆ ವಿಭಾಗದಲ್ಲಿ ಯಾರೂ ನೋಡುವುದಿಲ್ಲ. ಮದುಮಗನಿಲ್ಲದೆ ಮದುವೆ ಮಾಡಿದಂತಾಗುತ್ತದೆ ಎಂದು ವಿಭಾಗದ ಮುಖ್ಯಸ್ಥೆ ಸುಗುಣಾವತಿ ಮ್ಯಾಡಂ ಒಮ್ಮೆ ನಕ್ಕಿದ್ದರು. ಈಗ ನೋಡಿದರೆ ಮದುಮಗ ಬರುವ ಮೊದಲೇ ಮದುವೆ ಮುಗಿದುಹೋಗಿತ್ತು.

ಸೇಲಂನ ಹೊರವಲಯದ ಆ ಖಾಸಗಿ ಕಾಲೇಜಿನಲ್ಲಿ ಗಿಡಗಳನ್ನು ಪಿತ್ರಾರ್ಜಿತ ಆಸ್ತಿಯಂತೆ ಹಂಚಿಕೊಂಡಿದ್ದರು. ಬೇವು, ತುಳಸಿ, ಕರಿಬೇವು ಹಿರಿಯರ ಪಾಲಿಗೆ ಎಂದೋ ಹೋಗಿದ್ದವು. ಪರಂಗಿ ಎಲೆಗಾಗಿ ಇಬ್ಬರು ಸಂಶೋಧಕರು ಮಾತು ಬಿಟ್ಟಿದ್ದರು. ದಾಸವಾಳದಲ್ಲಿ ಕೆಂಪು ಒಬ್ಬರಿಗೆ, ಬಿಳಿ ಇನ್ನೊಬ್ಬರಿಗೆ ಎಂದು ಮ್ಯಾಡಮ್ಮೇ ಪಂಚಾಯಿತಿ ಮಾಡಿದ್ದರು. ತಡವಾಗಿ ಬಂದ ಮದಿಯಳಗನ್‌ಗೆ ಊರೊಳಗಿನ ಗಿಡ ಒಂದೂ ಉಳಿದಿರಲಿಲ್ಲ. ಕೊಲ್ಲಿಮಲೆಯ ಬಂಡೆಯ ಬಿರುಕಲ್ಲಿ ಬೆಳೆಯುವ, ಹೆಸರಿಲ್ಲದ ಒಂದು ಬಳ್ಳಿ ಸಿಕ್ಕಿತು. ಸಸ್ಯಶಾಸ್ತ್ರದವರು ಅದಕ್ಕೊಂದು ಉದ್ದನೆಯ ಲ್ಯಾಟಿನ್ ಹೆಸರು ಹುಡುಕಿಕೊಟ್ಟರು. ಲ್ಯಾಬಿನಲ್ಲಿ ಎಲ್ಲರೂ ಬಂಡೆಬಳ್ಳಿ ಎನ್ನುತ್ತಿದ್ದರು.

ಗಿಡ ಬೇರೆ, ಉಳಿದದ್ದೆಲ್ಲ ಒಂದೇ. ಎಲೆ ಕುದಿಸು, ಬೆಳ್ಳಿಯ ನೀರಿಗೆ ಸುರಿ, ಕಂದಾಯಿತು ಎಂದು ಬರೆ. ಬಟ್ಟೆಯ ಬಣ್ಣದ ನೀರಿಗೆ ಹಾಕು, ಬಣ್ಣ ಹೋಯಿತು ಎಂದು ಬರೆ. ಪುಣೆಯಿಂದ ತರಿಸಿದ ಕ್ಯಾನ್ಸರ್ ಕೋಶಗಳ ಮೇಲೆ ಸುರಿ, ಸತ್ತವು ಎಂದು ಬರೆ. ಆ ಕೋಶಗಳು ಬಹಳ ಒಳ್ಳೆಯವು. ಯಾವುದಕ್ಕೂ ಸಾಯುತ್ತಿದ್ದವು. ಭಾನುವಾರ ಕರೆಂಟು ಹೋದರೂ ಸಾಯುತ್ತಿದ್ದವು.

“ಅಂಗಮುತ್ತು!”

ಅಟೆಂಡರ್ ಅಂಗಮುತ್ತು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ಐವತ್ತು ದಾಟಿದ ಮನುಷ್ಯ. ಇಡೀ ವಿಭಾಗಕ್ಕೆ ಎಲೆ ತರುವವನು, ಕುದಿಸುವವನು, ಸೋಸುವವನು ಅವನೇ. ಅವನ ಹೆಸರು ಯಾವ ಪ್ರಬಂಧದಲ್ಲೂ ಇರಲಿಲ್ಲ.

“ಈ ಫ್ಲಾಸ್ಕು ಯಾವ ನೀರಲ್ಲಿ ತೊಳೆದೆ?”

“ನಲ್ಲಿ ನೀರಲ್ಲಿ ಸಾರ್. ನೀರು ಭಟ್ಟಿ ಇಳಿಸೋ ಮಿಷನ್ನು ಕೆಟ್ಟು ಮೂರು ವರ್ಷ ಆಯ್ತಲ್ಲ.”

“ಬೆಳ್ಳಿ ಕರಗಿಸಿದ್ದು?”

“ಅದೂ ನಲ್ಲಿದೇ.”

ಸೇಲಂನ ನಲ್ಲಿಯ ನೀರು ಉಪ್ಪು. ಉಪ್ಪುನೀರಿಗೆ ಬೆಳ್ಳಿಯ ಲವಣ ಹಾಕಿ ಬಿಸಿಲಿಗಿಟ್ಟರೆ ಎಲೆ ಬೇಡ, ಮಂತ್ರ ಬೇಡ, ತಾನೇ ಕಪ್ಪಿಡುತ್ತದೆ. ಇದನ್ನು ಮದಿಯಳಗನ್ ಬಿಎಸ್‌ಸಿ ಮೊದಲ ವರ್ಷದವರಿಗೆ ಪ್ರತಿ ಜುಲೈನಲ್ಲಿ ಪಾಠ ಹೇಳುತ್ತಿದ್ದ. ಪಾಠ ಹೇಳುವ ಕೋಣೆ ಬೇರೆ, ಸಂಶೋಧನೆಯ ಕೋಣೆ ಬೇರೆ.

ಎಲೆಯಾದರೂ ಸರಿಯಿದೆಯಲ್ಲ ಎಂದು ಅವನು ಜರಡಿಯಲ್ಲಿ ಉಳಿದಿದ್ದ ಚರಟವನ್ನು ಬೆರಳಲ್ಲಿ ಕೆದಕಿದ. ಸಣ್ಣ ಸಣ್ಣ, ದುಂಡನೆಯ ಎಲೆಗಳು. ಎಲ್ಲೋ ನೋಡಿದ ನೆನಪು. ನಿನ್ನೆ ಮಧ್ಯಾಹ್ನ, ಟಿಫಿನ್ ಡಬ್ಬಿಯಲ್ಲಿ, ತೆಂಗಿನ ತುರಿಯ ಜೊತೆ.

“ಇದು ನುಗ್ಗೆಸೊಪ್ಪು.”

“ಹೌದು ಸಾರ್. ನಮ್ಮ ಹಿತ್ತಲದ್ದೇ. ಔಷಧಿ ಗಿವ್ಷಧಿ ಏನೂ ಹೊಡೆದಿಲ್ಲ.”

“ಬಂಡೆಬಳ್ಳಿ ಎಲ್ಲಿ?”

“ಅದನ್ನ ಬಿಟ್ಟು ನಾಲ್ಕು ವರ್ಷ ಆಯ್ತಲ್ಲ ಸಾರ್.” ಅಂಗಮುತ್ತುವಿಗೆ ಆಶ್ಚರ್ಯವಾಗಿತ್ತು. “ಆಗ ನನಗೆ ಮಂಡಿ ಹಿಡ್ಕೊಂಡಿತ್ತು ನೋಡಿ. ಎಪ್ಪತ್ತು ತಿರುವು ಬಸ್ಸಲ್ಲಿ ಹತ್ತಬೇಕು, ಆಮೇಲೆ ಬಂಡೆ ಹತ್ತಬೇಕು. ಆಗಲಿಲ್ಲ. ನುಗ್ಗೆ ತಂದೆ. ನೀವೇ ನೋಡಿ, ‘ಈ ಸಲ ಬಣ್ಣ ಬಹಳ ಚೆನ್ನಾಗಿ ಬಂದಿದೆ ಅಂಗಮುತ್ತು’ ಅಂದ್ರಿ. ಸರಿ, ಹಾಗೇ ಮುಂದುವರಿಸಿದೆ.”

ಆ ದನಿಯಲ್ಲಿ ತಪ್ಪಿನ ಸುಳಿವೇ ಇರಲಿಲ್ಲ. ಈ ಅಂಗಡಿಯಲ್ಲಿ ಹಾಲು ಸಿಗಲಿಲ್ಲ, ಆ ಅಂಗಡಿಯಿಂದ ತಂದೆ ಎನ್ನುವವನ ದನಿ ಅದು.

ನಾಲ್ಕು ವರ್ಷ. ಅಂದರೆ ಮೂರು, ನಾಲ್ಕು, ಐದನೇ ಅಧ್ಯಾಯ. ಒಂಬತ್ತು ಲೇಖನ. ಎಲ್ಲ ಫಲಿತಾಂಶವೂ ಮೊದಲ ವರ್ಷದ ಫಲಿತಾಂಶಕ್ಕೆ ತಾಳೆಯಾಗಿತ್ತು. ತಾಳೆಯಾಗದೆ ಎಲ್ಲಿ ಹೋದೀತು? ತಾಳೆಯಾಗುವ ತನಕ ಅವನೇ ಮತ್ತೆ ಮತ್ತೆ ಅಳೆದಿದ್ದ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇದು ತನಗೆ ಮೊದಲೇ ಗೊತ್ತಿತ್ತು ಎಂಬ ಗುಮಾನಿ ಮಾತ್ರ ಬಂತು.

“ಯಾರಿಗೂ ಹೇಳ್ಬೇಡ,” ಎಂದ.

“ನಾನ್ಯಾಕೆ ಹೇಳ್ಲಿ ಸಾರ್? ಪೇಪರಿಗೆ ಯಾವ ಎಲೆ ಆದ್ರೇನು?” ಅಂಗಮುತ್ತು ಹತ್ತಿರ ಬಂದು ದನಿ ತಗ್ಗಿಸಿದ. “ಆದ್ರೆ ಪಾವಾಯಿಗೆ ಮಾತ್ರ ಅಸಲಿದೇ ತರ್ತೀನಿ. ಮಂಡಿ ನೋವಿದ್ರೂ ಪ್ರತಿ ಭಾನುವಾರ ಕೊಲ್ಲಿಮಲೆಗೆ ಹೋಗ್ತೀನಿ.”

ಪಾವಾಯಿ ಅವನ ಹೆಂಡತಿ.

“ಅವಳಿಗೆ ಯಾಕೆ?”

ಅಂಗಮುತ್ತು ಜೇಬಿನಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಪತ್ರಿಕೆಯ ತುಣುಕು ತೆಗೆದ. ಅದರಲ್ಲಿ ಮದಿಯಳಗನ್ ಒಂದು ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಮುಗುಳ್ನಗುತ್ತಿದ್ದ. ಮೇಲೆ ದಪ್ಪಕ್ಷರದಲ್ಲಿ, ‘ಕ್ಯಾನ್ಸರ್ ಕೊಲ್ಲುವ ಬೆಳ್ಳಿ: ಸೇಲಂ ಸಂಶೋಧಕನ ಸಾಧನೆ’. ಮ್ಯಾಡಂ ಬರೆದು ಕಳಿಸಿದ ಸುದ್ದಿ. ‘ಗಾಜಿನ ತಟ್ಟೆಯಲ್ಲಿರುವ ಕೋಶಗಳನ್ನು’ ಎಂಬ ಮಾತು ಅದರಲ್ಲಿತ್ತು. ಜಾಗ ಸಾಲದೆ ಪತ್ರಿಕೆಯವರು ಕತ್ತರಿಸಿದ್ದರು. ಆ ದಿನ ಮದಿಯಳಗನ್ ಇಪ್ಪತ್ತು ಪ್ರತಿ ಕೊಂಡಿದ್ದ.

“ಎದೇಲಿ ಗಂಟು ಸಾರ್. ದೊಡ್ಡಾಸ್ಪತ್ರೇಲಿ ನೋಡಿದ್ರು, ಅದೇ ಅಂದ್ರು. ಈಗಲೇ ತೆಗೆದ್ರೆ ಉಳೀತಾಳೆ ಅಂತಾರೆ. ಇವತ್ತು ನಾಲ್ಕು ಗಂಟೆಯೊಳಗೆ ಬಂದು ಅಡ್ಮಿಟ್ ಆಗಿ ಅಂತ ಚೀಟಿ ಕೊಟ್ಟಿದ್ದಾರೆ. ಅವಳಿಗೆ ಕತ್ತರಿ ಅಂದ್ರೆ ಭಯ. ನಿಮ್ಮ ಕಷಾಯ ಇರೋವಾಗ ಕುಯ್ಸೋದ್ಯಾಕೆ ಅಂತಾಳೆ.”

“ಯಾವ ಕಷಾಯ?”

“ನಿಮ್ದೇ. ಬಂಡೆಬಳ್ಳಿ, ಬೆಳ್ಳಿ. ಬೆಳ್ಳಿಗೆ ಅವಳ ಒಂದು ಕಾಲ್ಗೆಜ್ಜೆ ಬಿಚ್ಚಿ ಪಾತ್ರೆಗೇ ಹಾಕ್ಬಿಟ್ಟಿದ್ದೀವಿ. ಮೂರು ತಿಂಗಳಿಂದ ಅದರಲ್ಲೇ ಕುದೀತಿದೆ. ಕಪ್ಪಗಾಗಿದೆ. ಅಂದ್ರೆ ಬೆಳ್ಳಿ ಇಳೀತಿದೆ ಅಂತ ತಾನೆ ಸಾರ್?”

ಮದಿಯಳಗನ್‌ನ ಅಪ್ಪ ಬೆಳ್ಳಿ ಕೆಲಸಗಾರರ ಸೆವ್ವಾಪೇಟೆಯಲ್ಲಿ ನಲವತ್ತು ವರ್ಷ ಕಾಲ್ಗೆಜ್ಜೆ ಮಾಡಿದವನು. ಬೆಳ್ಳಿ ಯಾವತ್ತೂ ಸುಳ್ಳು ಹೇಳುವುದಿಲ್ಲ, ಹೇಳುವುದು ಮಾರುವವನ ಬಾಯಿ ಎನ್ನುತ್ತಿದ್ದ. ಸೊಪ್ಪಿನ ನೀರಲ್ಲಿ ಗೆಜ್ಜೆ ಕರಗುವುದಿಲ್ಲ, ಹೊಗೆ ಹಿಡಿದಂತೆ ಕಪ್ಪಿಡುತ್ತದೆ ಅಷ್ಟೇ ಎಂಬುದು ಆ ಬೀದಿಯ ಮಕ್ಕಳಿಗೂ ಗೊತ್ತು.

“ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು,” ಎಂದ ಮದಿಯಳಗನ್.

“ಹಾಗಾದ್ರೆ ಇದ್ರಲ್ಲಿ ಬರೆದಿರೋದು ಸುಳ್ಳಾ ಸಾರ್?”

ಅಂಗಮುತ್ತು ಬೆದರಿಸುತ್ತಿರಲಿಲ್ಲ, ಕೇಳುತ್ತಿದ್ದ ಅಷ್ಟೇ. ಮದಿಯಳಗನ್ ಕಿಟಕಿಯ ಕಡೆ ನೋಡಿದ. ಹೌದು ಎಂದರೆ ಈ ಮನುಷ್ಯ ಹನ್ನೊಂದು ಗಂಟೆಯೊಳಗೆ ಕ್ಯಾಂಟೀನಿಗೆ, ಕಚೇರಿಗೆ, ವಾಚ್‌ಮನ್‌ಗೆ ಇದೇ ಮುಗ್ಧತೆಯಿಂದ ಹೇಳಿಕೊಂಡು ಬರುತ್ತಾನೆ. ಡಾಕ್ಟರೇಟ್ ಇಲ್ಲದ ಅಧ್ಯಾಪಕರು ಜೂನ್‌ನಿಂದ ಬರಬೇಕಾಗಿಲ್ಲ ಎಂಬ ಸುತ್ತೋಲೆ ಗೋಡೆಯ ಮೇಲೆ ನೇತಾಡುತ್ತಿತ್ತು. ಅವನಿಗೆ ನಲವತ್ತೊಂದು.

“ಸುಳ್ಳು ಅಂತಲ್ಲ…”

“ಅದೇ ನಾನೂ ಅವಳಿಗೆ ಹೇಳ್ದೆ. ಇವತ್ತು ಹೊರಗಿಂದ ದೊಡ್ಡ ಪ್ರೊಫೆಸರ್ ಬರ್ತಾರೆ, ಅವರ ಎದುರಿಗೆ ಸಾರ್ ಏನು ಹೇಳ್ತಾರೋ ನೀನೇ ಕೇಳು, ಆಮೇಲೆ ಎಲ್ಲಿಗೆ ಅಂತ ನೋಡೋಣ ಅಂತ. ಚೀಲ ಸಮೇತ ಬರ್ತಿದ್ದಾಳೆ.”

ಅಷ್ಟರಲ್ಲಿ ಸುಗುಣಾವತಿ ಮ್ಯಾಡಂ ರೇಷ್ಮೆಸೀರೆಯ ಸರಭರದೊಡನೆ ಒಳಬಂದರು. ಅವರ ಹೆಸರಿನಲ್ಲಿ ಇನ್ನೂರ ಹದಿನಾಲ್ಕು ಲೇಖನಗಳಿದ್ದವು. ಅವುಗಳಲ್ಲಿ ಕೆಲವನ್ನು ಅವರು ಓದಿಯೂ ಇದ್ದರು.

“ಏನು ತಂಬಿ, ಮುಖ ಯಾಕೆ ಹೀಗೆ? ಪೋತರಾಜು ಸಾರ್ ಹೆಂಡತಿಗೆ ಕಾಲ್ಗೆಜ್ಜೆ ತಗೊಂಡ್ಯಾ?”

“ತಗೊಂಡೆ ಮ್ಯಾಡಂ.”

“ಗಟ್ಟಿ ಬೆಳ್ಳಿ ತಾನೆ? ಹೋದ ಸಲ ಒಬ್ಬ ಬೆಳ್ಳಿ ಲೇಪದ್ದು ಕೊಟ್ಟು ಮಾನ ಕಳೆದ.”

ಪ್ರಬಂಧಕ್ಕೆ ಸಂಬಂಧಪಟ್ಟ ಎಲ್ಲದರಲ್ಲಿ ಅಸಲಿ ಬೆಳ್ಳಿ ಇದ್ದದ್ದು ಆ ಗೆಜ್ಜೆಯ ಡಬ್ಬಿಯಲ್ಲಿ ಮಾತ್ರ. ಮದಿಯಳಗನ್ ಎರಡು ಫ್ಲಾಸ್ಕುಗಳನ್ನು ತೋರಿಸಿದ. ಮ್ಯಾಡಂ ಬಗ್ಗಿ ನೋಡಿದರು.

“ಎಲೆ ಹಾಕದ್ದೂ?”

“ಹೂಂ.”

ಮ್ಯಾಡಂ ಒಂದು ಕ್ಷಣ ಯೋಚಿಸಿದರು. ಎರಡನೆಯ ಫ್ಲಾಸ್ಕಿನ ಚೀಟಿ ಕಿತ್ತು, ಪೆನ್ನು ತೆಗೆದು, ಹೊಸ ಚೀಟಿಯ ಮೇಲೆ ‘ಎರಡನೇ ಸಲ’ ಎಂದು ಬರೆದು ಅಂಟಿಸಿದರು.

“ಮುಗೀತಲ್ಲ. ಎರಡು ಸಲ ಮಾಡಿದ್ರೂ ಅದೇ ಬಣ್ಣ. ಎಲೆ ಹಾಕದ್ದು ಕೇಳಿದ್ರೆ, ಒಂದು ಗ್ಲಾಸಲ್ಲಿ ಕುಡಿಯೋ ನೀರಿಡು. ತಿಳಿಯಾಗೇ ಇರತ್ತೆ.”

“ಮ್ಯಾಡಂ, ಎಲೆಯೂ…”

“ತಂಬಿ,” ಎಂದರು ಮ್ಯಾಡಂ, ಪ್ರೀತಿಯಿಂದಲೇ. “ಇವತ್ತು ನಿನ್ನ ಕೆಲಸ ಉತ್ತರ ಹೇಳೋದು. ಪ್ರಶ್ನೆ ಕೇಳೋದಕ್ಕೆ ಪೋತರಾಜು ಸಾರ್ ಇದ್ದಾರೆ.”

ಸಭಾಂಗಣದ ಬಾಗಿಲಿಗೆ ಮದಿಯಳಗನ್‌ನ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಕಿರಿಯ ವಿದ್ಯಾರ್ಥಿಗಳಿಗೆ ಕೇಳಬೇಕಾದ ಪ್ರಶ್ನೆಗಳ ಚೀಟಿ ಹಂಚಿಯಾಗಿತ್ತು. ಪ್ರೊಫೆಸರ್ ಪೋತರಾಜು ವಿಜಯವಾಡದಿಂದ ರಾತ್ರಿ ರೈಲಿನಲ್ಲಿ ಬಂದಿದ್ದರು. ಊಟವಾದ ಮೇಲೆ ಯೇರ್ಕಾಡ್ ನೋಡಲು ಕಾರು ಹೇಳಿದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಮುಂದಿನ ಸಾಲಿನಲ್ಲಿ ಕುಳಿತು ಕಣ್ಣು ಮುಚ್ಚಿದರು.

ಮದಿಯಳಗನ್ ಇಂಗ್ಲಿಷಿನಲ್ಲಿ ಮಾತಾಡಿದ. ಮಾತಾಡುತ್ತಿರುವುದು ತಾನೇ ಎಂದು ಅವನಿಗೆ ಅನ್ನಿಸಲಿಲ್ಲ. ಪರದೆಯ ಮೇಲೆ ಕಪ್ಪು ಚುಕ್ಕೆಗಳ ಚಿತ್ರ ಬಂತು. ಬೆಳ್ಳಿಯ ಕಣಗಳು ಎಂದ. ಪರದೆಯತ್ತ ಚಾಚಿದ ತನ್ನ ಬೆರಳನ್ನೂ ನೋಡಿದ. ಬೆಳ್ಳಿಯ ನೀರು ತಾಗಿ ತುದಿ ಕಪ್ಪಾಗಿತ್ತು, ಎಷ್ಟು ಸೋಪು ಹಾಕಿದರೂ ಹೋಗದ ಕಪ್ಪು. ಮತದಾನ ಮಾಡಿ ಬಂದವನ ಹಾಗೆ, ಆರು ವರ್ಷದಿಂದ ದಿನವೂ ಯಾರಿಗೋ ಮತ ಹಾಕಿ ಬರುತ್ತಿದ್ದವನ ಹಾಗೆ ಕಾಣಿಸಿತು.

ಪೋತರಾಜು ಕಣ್ಣು ಬಿಟ್ಟು ಒಂದು ಪ್ರಶ್ನೆ ಕೇಳಿದರು. “ಈ ಗಿಡವನ್ನೇ ಯಾಕೆ ಆರಿಸಿದಿರಿ?”

“ಇದರ ಮೇಲೆ ಯಾರೂ ಮಾಡಿರಲಿಲ್ಲ ಸಾರ್.”

“ಒಳ್ಳೇ ಕಾರಣ,” ಎಂದು ಅವರು ಮತ್ತೆ ಕಣ್ಣು ಮುಚ್ಚಿದರು. ಎಲೆ ಹಾಕದ ಫ್ಲಾಸ್ಕನ್ನು ಕೇಳುವುದು ಮರೆತೇಹೋಗಿತ್ತು. ಕುಡಿಯುವ ನೀರಿನ ಗ್ಲಾಸು ಸುಮ್ಮನೆ ಮೇಜಿನ ಮೇಲಿತ್ತು. ಮದಿಯಳಗನ್ ಅದನ್ನೇ ಎತ್ತಿ ಕುಡಿದ.

ಚೀಟಿಯ ಪ್ರಶ್ನೆಗಳು ಒಂದೊಂದಾಗಿ ಎದ್ದವು. ಒಬ್ಬ ಹುಡುಗಿ ಪ್ರಶ್ನೆಯ ಜೊತೆ ಕಂಸದೊಳಗಿದ್ದ ‘ನಗಬೇಡ’ ಎಂಬುದನ್ನೂ ಓದಿಬಿಟ್ಟಳು. ಎಲ್ಲರೂ ನಕ್ಕರು. ಮ್ಯಾಡಂ ಎದ್ದುನಿಂತು, ನಿಯಮದಂತೆ, ಸಾರ್ವಜನಿಕರಲ್ಲಿ ಯಾರಿಗಾದರೂ ಕೇಳುವುದಿದೆಯೇ ಎಂದರು. ಸಾರ್ವಜನಿಕರು ಎಂದರೆ ಯಾರೂ ಇಲ್ಲ ಎಂಬುದು ಅಲ್ಲಿನ ವಾಡಿಕೆ.

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಹಸಿರು ಗಾಜಿನ ಬಳೆಗಳು.

“ಅಮ್ಮಾ, ಊಟ ಆಮೇಲೆ ಕೊಡ್ತಾರೆ, ಕೂತ್ಕೊಳ್ಳಿ,” ಎಂದರು ಮ್ಯಾಡಂ.

“ಊಟಕ್ಕಲ್ಲ ತಾಯಿ. ಪ್ರಶ್ನೆ ಇದೆ.”

ಪೋತರಾಜು ತಿರುಗಿ ನೋಡಿದರು. ಅವರಿಗೆ ಮೊದಲ ಬಾರಿ ಲವಲವಿಕೆ ಬಂದಂತಿತ್ತು. “ಕೇಳಲಿ ಬಿಡಿ ಮ್ಯಾಡಂ. ಸಾರ್ವಜನಿಕ ಪರೀಕ್ಷೆ ಅಲ್ವೇ?”

ಪಾವಾಯಿ ನಡೆದು ಮುಂದಕ್ಕೆ ಬಂದಳು. ಎಡಗಾಲು ಊರಿದಾಗ ಗೆಜ್ಜೆ ಘಲ್ ಎನ್ನುತ್ತಿತ್ತು. ಬಲಗಾಲು ಸುಮ್ಮನಿತ್ತು. ಸಭೆಯಲ್ಲಿ ಯಾರಿಗೂ ಇದು ಗಮನಕ್ಕೆ ಬಂದಂತಿರಲಿಲ್ಲ. ಮದಿಯಳಗನ್‌ಗೆ ಬೇರೆ ಏನೂ ಕೇಳಿಸಲಿಲ್ಲ.

“ನಿಮ್ಮ ಇಂಗ್ಲಿಷು ಕೇಳೋಕೆ ಬಲು ಚೆಂದ ಇತ್ತು ಸಾಮಿ. ಒಂದಕ್ಷರ ಗೊತ್ತಾಗ್ಲಿಲ್ಲ, ಅದಕ್ಕೇ ಎದ್ದೆ.” ಸಭೆ ನಕ್ಕಿತು. ಅವಳೂ ನಕ್ಕಳು. ಸೊರಗಿದ, ತುಂಟತನ ಬಿಡದ ಮುಖ. “ನಂಗೆ ಬೇಕಾಗಿರೋದು ಒಂದೇ ಮಾತು. ನಾನು ಆಪರೇಷನ್ ಮಾಡಿಸ್ಕೋಬೇಕಾ, ಇಲ್ಲಾ ನಿಮ್ಮ ಬಳ್ಳಿ-ಬೆಳ್ಳಿನೇ ಸಾಕಾ?”

ನಗು ನಿಂತಿತು.

ಉತ್ತರ ಗೊತ್ತಿತ್ತು. ಇಡೀ ಬೆಳಗಿನಲ್ಲಿ ಅವನಿಗೆ ಖಚಿತವಾಗಿ ಗೊತ್ತಿದ್ದ ಉತ್ತರ ಇದೊಂದೇ. ಇದರಲ್ಲಿ ಏನೂ ಇಲ್ಲಮ್ಮ, ಆಸ್ಪತ್ರೆಗೆ ಹೋಗು. ಐದೇ ಪದ. ನಾಲಿಗೆಯ ಮೇಲೆ ಬಂದಿತ್ತು ಕೂಡ. ಬಾಗಿಲ ಬಳಿ ಅಂಗಮುತ್ತು ಹೆಮ್ಮೆಯಿಂದ ಕೈಕಟ್ಟಿ ನಿಂತಿದ್ದ. ಮ್ಯಾಡಂ ಬೆರಳಿನಲ್ಲಿ ಮೇಜು ಕುಟ್ಟುತ್ತಿದ್ದರು. ಪೋತರಾಜು ತಲೆಯನ್ನು ಒಂದು ಕಡೆಗೆ ವಾಲಿಸಿ ಕಾಯುತ್ತಿದ್ದರು.

“ಪ್ರಯೋಗಾಲಯದ ಮಟ್ಟದಲ್ಲಿ,” ಎಂದು ಮದಿಯಳಗನ್ ಶುರುಮಾಡಿದ. ತನ್ನ ಒಂಬತ್ತು ಲೇಖನಗಳ ಕೊನೆಯ ವಾಕ್ಯ ಬಾಯಿಂದ ತಾನೇ ತಾನಾಗಿ ಇಳಿಯುತ್ತಿರುವುದನ್ನು ಅವನು ಕೇಳಿಸಿಕೊಂಡ. “ಭರವಸೆ ಮೂಡಿಸುವ ಫಲಿತಾಂಶ ಬಂದಿದೆ. ಇನ್ನೂ ಹೆಚ್ಚಿನ ಅಧ್ಯಯನ ಆಗಬೇಕಾಗಿದೆ.”

“ಭರವಸೆ ಇದೆ?”

“…ಇದೆ.”

“ಅಷ್ಟು ಸಾಕು ಸಾಮಿ.” ಅವಳು ಕೈಮುಗಿದಳು. “ಇನ್ನೂ ಓದಿ, ಇನ್ನೂ ದೊಡ್ಡೋರಾಗಿ.”

ಮೊದಲು ಚಪ್ಪಾಳೆ ತಟ್ಟಿದವರು ಮ್ಯಾಡಂ. ಪೋತರಾಜು ಎದ್ದು, ಜನಸಾಮಾನ್ಯರನ್ನು ಮುಟ್ಟುವ ಸಂಶೋಧನೆಯೇ ನಿಜವಾದ ಸಂಶೋಧನೆ ಎಂದು ಎರಡು ಮಾತಾಡಿ, ಡಾಕ್ಟರೇಟಿಗೆ ಶಿಫಾರಸು ಮಾಡಿದರು. ಮದಿಯಳಗನ್‌ನ ಹೆಗಲಿಗೆ ಜರಿಶಾಲು ಬಿತ್ತು. ನೈಲಾನ್ ಶಾಲು. ಕುತ್ತಿಗೆ ಬೆವರಿ ತುರಿಸತೊಡಗಿತು.

ಬಿರಿಯಾನಿ ಮುಗಿದಾಗ ಮೂರು ಗಂಟೆ. ಕಾಲ್ಗೆಜ್ಜೆಯ ಡಬ್ಬಿಯೊಂದಿಗೆ ಪೋತರಾಜು ಅವರನ್ನು ಯೇರ್ಕಾಡಿನ ಕಾರಿಗೆ ಹತ್ತಿಸಲು ಅವನು ಗೇಟಿನವರೆಗೆ ಬಂದ. ಕಾರು ಹೋಯಿತು. ರಸ್ತೆಯಾಚೆ, ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ, ಅಂಗಮುತ್ತು ಮತ್ತು ಪಾವಾಯಿ ಕೂತಿದ್ದರು. ನಡುವೆ ಬಟ್ಟೆಯ ಚೀಲ. ಆಸ್ಪತ್ರೆಯಲ್ಲಿ ಉಳಿಯಲು ಕಟ್ಟಿಕೊಂಡು ಬಂದದ್ದು.

ಟೌನ್ ಬಸ್ಸು ಬಂದು ನಿಂತಿತು. ಕಂಡಕ್ಟರ್ “ದೊಡ್ಡಾಸ್ಪತ್ರೆ, ದೊಡ್ಡಾಸ್ಪತ್ರೆ” ಎಂದು ಎರಡು ಸಲ ಕೂಗಿದ. ಇಬ್ಬರೂ ಏಳಲಿಲ್ಲ. ಅಂಗಮುತ್ತು ನಗುತ್ತ ಕೈಬೀಸಿ, ಹೋಗು ಎಂದ. ಬಸ್ಸು ಹೋಯಿತು.

ರಸ್ತೆಯ ಅಗಲ ಇಪ್ಪತ್ತು ಹೆಜ್ಜೆ. ದಾಟಬಹುದು. ನಾಲ್ಕಕ್ಕೆ ಇನ್ನೂ ಹೊತ್ತಿತ್ತು, ಆಟೋ ಸಿಗುತ್ತಿತ್ತು. ಏನು ಹೇಳಬೇಕೆಂಬುದನ್ನೂ ಅವನು ಜೋಡಿಸಿಕೊಂಡ. ಒಂದು ಕಾಲು ರಸ್ತೆಗೆ ಇಳಿಸಿದ.

“ಡಾಕ್ಟರ್ ಮದಿಯಳಗನ್!”

ಹಿಂದಿನಿಂದ ಮ್ಯಾಡಂ ಕೂಗಿದ್ದರು. ಫ್ಲೆಕ್ಸಿನ ಮುಂದೆ ಗುಂಪಿನ ಫೋಟೋ. ಆ ಹೆಸರಿಗೆ ಅವನ ಕತ್ತು ಎಷ್ಟು ಬೇಗ ತಿರುಗಿತೆಂದರೆ ಅವನಿಗೇ ನಾಚಿಕೆಯಾಯಿತು. ಹೋಗಿ ನಡುವೆ ನಿಂತ. ಯಾರೋ ಒಬ್ಬ ಕಣ್ಣು ಮುಚ್ಚಿದನೆಂದು ಮೂರು ಸಲ ತೆಗೆದರು. ಮೂರು ಸಲವೂ ಅವನು, ಪತ್ರಿಕೆಯಲ್ಲಿ ನಕ್ಕ ಹಾಗೆಯೇ ನಕ್ಕ.

ಮತ್ತೆ ಗೇಟಿಗೆ ಬಂದಾಗ ಸ್ಟಾಪಿನಲ್ಲಿ ಮಿನಿ ಬಸ್ಸು ನಿಂತಿತ್ತು. ಅವರ ಊರಿನದು. ಪಾವಾಯಿ ಮೆಟ್ಟಿಲಿಗೆ ಕಾಲಿಟ್ಟವಳು, ಏನೋ ನೆನಪಾದಂತೆ ಕೆಳಗಿಳಿದಳು. ಅಂಗಮುತ್ತುವಿನ ಭುಜ ಹಿಡಿದು, ಬಗ್ಗಿ, ಎಡಗಾಲಿನ ಗೆಜ್ಜೆಯ ಕೊಂಡಿ ಬಿಚ್ಚಿದಳು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹತ್ತಿದಳು. ಮೂರು ಮೆಟ್ಟಿಲು.

ಮದಿಯಳಗನ್ ಕಿವಿಗೊಟ್ಟು ನಿಂತ. ಇನ್ನೊಂದು ಗೆಜ್ಜೆಯೂ ಪಾತ್ರೆಗೆ ಹೊರಟಿತ್ತು. ಎರಡು ಕಾಲಿನಲ್ಲೂ ಸದ್ದಿರಲಿಲ್ಲ.

ಡ್ರೈವರು ಇಳಿದು ಚಹಾದಂಗಡಿಗೆ ನಡೆದ. ಕಿಟಕಿಯ ಪಕ್ಕ ಕೂತ ಪಾವಾಯಿ, ಗೇಟಿನಲ್ಲಿ ಶಾಲು ಹೊದ್ದು ನಿಂತವನನ್ನು ನೋಡಿ, ಕೈಮುಗಿದಳು. ಅವನೂ ಕೈಯೆತ್ತಿದ. ಕಪ್ಪುಹತ್ತಿದ ಬೆರಳುಗಳು ಬಿಸಿಲಿನಲ್ಲಿ ಹಾಗೆಯೇ ನಿಂತವು. ಬಸ್ಸು ಹೊರಟಿರಲಿಲ್ಲ. ಇಂಜಿನ್ನು ಚಾಲೂ ಇಟ್ಟುಕೊಂಡು, ಮೈಯೆಲ್ಲ ಅದುರಿಸುತ್ತ, ಅದು ಇನ್ನೂ ಅಲ್ಲೇ ನಿಂತಿತ್ತು.